ಹೊಗೆಯೋ, ಹಬೆಯೋ?

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಲೋಕದ ಮಾತು. ತರ್ಕಶಾಸ್ತ್ರವನ್ನು ಬಲ್ಲವರು ಇದನ್ನೇ ಇನ್ನಷ್ಟು ಬಿಗಿಯಾಗಿ ಹೇಳುತ್ತಾರೆ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕು. ಆದರೆ ಹಬೆಯನ್ನು ಹೊಗೆಯೆಂದು ಭ್ರಮಿಸಿದವನ ಅನುಮಾನ ಬುಡದಲ್ಲಿಯೇ ಕೆಡುತ್ತದೆ ಎಂಬ ಎಚ್ಚರಿಕೆಯನ್ನೂ ಅವರೇ ಕೊಟ್ಟಿದ್ದಾರೆ. ಆ ಹಳೆಯ ಸಮಸ್ಯೆ ಈಗ ಮುಗಿಲಿನಾಚೆ ಹಾರುವ ವಿಮಾನದ ಹೊಟ್ಟೆಯೊಳಗೆ ಬಂದು ಕುಳಿತಿದೆ.

ಪ್ರಯಾಣಿಕರ ಕಾಲಡಿಯಲ್ಲಿ, ನೆಲಹಾಸಿನ ಕೆಳಗೆ, ಪೆಟ್ಟಿಗೆ ಮೂಟೆಗಳನ್ನು ತುಂಬುವ ಸರಕಿನ ಕೋಣೆಯುಂಟು. ಅಲ್ಲಿ ಮನುಷ್ಯರ ಕಣ್ಣಿಲ್ಲ. ಚಾವಣಿಗೆ ಅಂಟಿಕೊಂಡಿರುವ ಪುಟ್ಟ ಧೂಮಸೂಚಕಗಳೇ ಅಲ್ಲಿನ ಕಾವಲುಗಾರರು. ಸೂಚಕದೊಳಗೆ ಒಂದು ಬೆಳಕಿನ ಕಿರಣ ಸದಾ ಹಾಯುತ್ತಿರುತ್ತದೆ. ಹೊಗೆಯ ಕಣಗಳು ನುಗ್ಗಿದರೆ ಬೆಳಕು ಚದರಿ, ಬದಿಯಲ್ಲಿರುವ ಬೆಳಕುಗ್ರಾಹಿಯನ್ನು ಮುಟ್ಟುತ್ತದೆ. ಒಡನೆಯೇ ಚಾಲಕರ ಮುಂದೆ ಎಚ್ಚರಿಕೆಯ ದೀಪ ಹೊತ್ತುತ್ತದೆ. ಬೆಂಕಿ ಹುಟ್ಟಿದ ಒಂದು ನಿಮಿಷದೊಳಗೆ ಈ ಸುದ್ದಿ ಮುಟ್ಟಲೇಬೇಕೆಂಬುದು ಅಮೆರಿಕದ ವಿಮಾನಯಾನ ನಿಯಮ.

ಕಾವಲುಗಾರನೇ ಇಲ್ಲದಿದ್ದರೆ ಏನಾಗುತ್ತದೆಂಬುದು 1996ರ ಮೇ 11ರಂದು ತಿಳಿದುಬಂದಿತು. ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ ವಿಮಾನದ ಸರಕಿನ ಕೋಣೆಯಲ್ಲಿ ಧೂಮಸೂಚಕವಿರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಬೆಂಕಿ ತಾನಾಗಿ ಉಸಿರುಕಟ್ಟಿ ಆರುವುದೆಂಬ ನಂಬಿಕೆ ಅಂದಿನದು. ಆದರೆ ಅಲ್ಲಿದ್ದುದು ಆಮ್ಲಜನಕವನ್ನು ಹುಟ್ಟಿಸುವ ರಾಸಾಯನಿಕ ಡಬ್ಬಿಗಳು. ಬೆಂಕಿಗೆ ಬೇಕಾದ ಉಸಿರನ್ನು ಅವೇ ಒದಗಿಸಿದವು. 110 ಮಂದಿ ಮಡಿದರು. ಅಂಥ ಕೋಣೆಗಳಿರುವ ಪ್ರಯಾಣಿಕ ವಿಮಾನಗಳಿಗೆ ಧೂಮಸೂಚಕವನ್ನೂ ಬೆಂಕಿಯನ್ನಡಗಿಸುವ ಸಾಧನವನ್ನೂ ಜೋಡಿಸಬೇಕೆಂದು 1998ರಲ್ಲಿ ಅಮೆರಿಕ ಕಟ್ಟಳೆ ಮಾಡಿತು.

ಸೂಚಕವಿದ್ದ ಮಾತ್ರಕ್ಕೆ ಕಷ್ಟ ತೀರಿತೆ? ಬೆಳಕನ್ನು ಚದರಿಸುವುದು ಹೊಗೆಯೊಂದೇ ಅಲ್ಲ. ಮಂಜು, ಧೂಳು, ಹಣ್ಣು ತರಕಾರಿಗಳಿಂದೇಳುವ ತೇವವೂ ಚದರಿಸುತ್ತವೆ. ಆದುದರಿಂದ ನಿಜವಾದ ಬೆಂಕಿಗಿಂತ ಸುಳ್ಳು ಎಚ್ಚರಿಕೆಗಳೇ ಬಹುಪಾಲು. ‘ತೋಳ ಬಂತು ತೋಳ’ ಎಂದು ದಿನವೂ ಕೂಗಿದ ಹುಡುಗನ ಕಥೆಯನ್ನು ಯಾರು ತಾನೆ ಕೇಳಿಲ್ಲ!

1980ರ ಆಗಸ್ಟ್ 19ರಂದು ರಿಯಾದಿನಿಂದ ಮೇಲೇರಿದ ಸೌದಿ ವಿಮಾನದಲ್ಲಿ ಸುಮಾರು ಏಳು ನಿಮಿಷಕ್ಕೆ ಹಿಂಬದಿಯ ಸರಕಿನ ಕೋಣೆಯಿಂದ ಎಚ್ಚರಿಕೆ ಬಂದಿತು. ಅದು ನಿಜವೋ ಸುಳ್ಳೋ ಎಂದು ನಿಶ್ಚಯಿಸುವುದರಲ್ಲೇ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಸಂದಿತು. ವಿಮಾನ ಹಿಂದಿರುಗಿ ನೆಲಕ್ಕಿಳಿಯಿತು. ಆದರೆ ಇಳಿದ ಮೇಲೂ ಬಾಗಿಲು ತೆರೆಯುವುದು ತಡವಾಯಿತು. ಒಳಗಿದ್ದ 301 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆದುದರಿಂದಲೇ ಈ ಕಾವಲುಗಾರನನ್ನು ಪರೀಕ್ಷಿಸುವುದು ನಾಜೂಕಾದ ಕೆಲಸ. ಹಾರುವ ವಿಮಾನದಲ್ಲಿ ಬೆಂಕಿ ಹಚ್ಚುವಂತಿಲ್ಲ. ಎಣ್ಣೆಯನ್ನು ಕಾಯಿಸಿ ಕೃತಕ ಹೊಗೆಯೆಬ್ಬಿಸುವ ಯಂತ್ರವನ್ನು ಸರಕಿನ ಕೋಣೆಯೊಳಗಿಟ್ಟು, ದೀಪ ಹೊತ್ತುವವರೆಗೆ ಕ್ಷಣಗಳನ್ನು ಎಣಿಸುತ್ತಾರೆ. ಕೋಣೆ ಬರಿದಾಗಿದ್ದರೆ ಹೊಗೆ ಹರಡಿ ತೆಳುವಾಗುವುದರಿಂದ, ಬರಿದಾದ ಕೋಣೆಯೇ ಕಠಿಣ ಪರೀಕ್ಷೆ. ಆದರೆ ಎಷ್ಟು ಹೊಗೆ ಬಿಡಬೇಕು? ಧಾರಾಳವಾಗಿ ಬಿಟ್ಟರೆ ಮಂದಮತಿಯ ಸೂಚಕವೂ ತೇರ್ಗಡೆಯಾಗುತ್ತದೆ. ತೀರ ಜಿಪುಣತನ ಮಾಡಿದರೆ ಸೂಚಕವನ್ನು ಅತಿ ಸೂಕ್ಷ್ಮವಾಗಿಸಬೇಕಾಗುತ್ತದೆ. ಆಗ ಅದು ಹಬೆಗೂ ಬೆಚ್ಚುತ್ತದೆ.

ಈ ಗೊಂದಲವನ್ನು ಕಳೆಯಲೆಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿಯಿರುವ ಸರ್ಕಾರಿ ಸಂಶೋಧನ ಕೇಂದ್ರದವರು ಹಲವು ಬಗೆಯ ಪ್ಲಾಸ್ಟಿಕ್ಕುಗಳನ್ನು ಒತ್ತಿ ಒಂದು ಅಚ್ಚು ಮಾಡಿದರು. ಅದರೊಳಗೆ ನೈಕ್ರೋಮ್ ತಂತಿಯನ್ನಿಟ್ಟು ಕಾಯಿಸಿದರೆ ಅಚ್ಚು ಕಮರಿ, ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಬಗೆಯ ಹೊಗೆಯೇಳುತ್ತದೆ. ಅದನ್ನು ಅಳೆದು, ಕೃತಕ ಹೊಗೆಯನ್ನು ಅದರೊಡನೆ ಹೋಲಿಸಬಹುದು. ಇತ್ತೀಚಿನ ಕೆಲವು ಸೂಚಕಗಳು ಎರಡು ಬಣ್ಣದ ಬೆಳಕಿನಿಂದ ನೋಡಿ, ಹೊಗೆಯ ಸಣ್ಣ ಕಣವನ್ನೂ ಮಂಜಿನ ದಪ್ಪ ಹನಿಯನ್ನೂ ಬೇರ್ಪಡಿಸಬಲ್ಲವು.

ಮೇಲೆ ಕಿಟಕಿಯ ಬಳಿ ಕುಳಿತ ಮಗು ಮೋಡಗಳನ್ನು ನೋಡಿ ನಗುತ್ತಿರುತ್ತದೆ; ತಾಯಿ ಕಾಫಿ ಹೀರುತ್ತಿರುತ್ತಾಳೆ. ಕೆಳಗಿನ ಕಾವಲುಗಾರನ ಹೆಸರನ್ನೂ ಅವರು ಕೇಳಿರಲಾರರು. ಅವನು ಕೂಗಿದ ದಿನ ಚಾಲಕನು ಅನುಮಾನಿಸದೆ ನಂಬುವಂತಿದ್ದರೆ ಸಾಕು. ಇಷ್ಟೆಲ್ಲ ಪರೀಕ್ಷೆಗಳು ನಡೆಯುವುದು ಆ ನಂಬಿಕೆಗಾಗಿಯೇ.