ಸತ್ಯಭಾಮೆಯ ಅರ್ಜಿ

ನಮ್ಮೂರ ಕಾಕಾ ಮೀಸೆ ಬಿಟ್ಟವರೇ ಅಲ್ಲ. ಹರೆಯದಲ್ಲಿ ಅವರು ಶ್ರೀಕೃಷ್ಣ ಪಾರಿಜಾತ ಬಯಲಾಟದ ಸತ್ಯಭಾಮೆ. ಆಟ ನಿಂತು ಎಷ್ಟೋ ವರ್ಷವಾದರೂ ದಿನಾ ಬೆಳಿಗ್ಗೆ ಮೀಸೆ ಬೋಳಿಸುವುದು ತಪ್ಪಲಿಲ್ಲ. "ಯಾವಾಗ ಯಾರು ಕರೀತಾರೋ ಏನೋ" ಅನ್ನುವರು.

ಕಲಾವಿದರ ಮಾಸಾಶನಕ್ಕೆ ಅವರಿಂದ ಅರ್ಜಿ ಹಾಕಿಸಿದವನು ನಾನು. 58 ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣ ಅದು. ವಯಸ್ಸಿಗೆ ಆಧಾರ್ ಇತ್ತು, ಬಡತನಕ್ಕೆ ತಹಶೀಲ್ದಾರರ ಕಾಗದ. ಕಲೆಗೆ? ರಾತ್ರಿಯಿಡೀ ಕುಣಿದವರಿಗೆ ನಮ್ಮ ಕಡೆ ಆಹೇರಿ ಮಾಡುತ್ತಾರೆ: ರೊಕ್ಕ, ಕುಪ್ಪಸದ ಖಣ, ಒಂದು ಚೀಲ ಜೋಳ. ಸರ್ಟಿಫಿಕೇಟು ಕೊಟ್ಟವರನ್ನು ನಾನು ಕಾಣೆ. ಟ್ರಂಕಿನ ತಳದಲ್ಲಿ ಒಂದು ಹ್ಯಾಂಡ್‌ಬಿಲ್ ಸಿಕ್ಕಿತು. ಮಡಿಕೆ ಬಿದ್ದ ಕಡೆ ಅವರ ಹೆಸರೇ ಅಳಿಸಿತ್ತು.

ಸಂದರ್ಶನಕ್ಕೆ ಹೋದದ್ದು ಯಾವ ತಿಂಗಳೋ ನೆನಪಿಲ್ಲ. ಮಿರಗದ ಮಳೆ ಇನ್ನೂ ಬಿದ್ದಿರಲಿಲ್ಲ, ಧಗೆ ಅಂದರೆ ಧಗೆ. ಕಚೇರಿ ಅಂಗಳದ ಬೇವಿನ ನೆರಳಲ್ಲಿ ಡೊಳ್ಳಿನವರು, ಭಜನೆಯವರು, ಗೀಗೀ ಮೇಳದವರು. ಬುತ್ತಿ ಬಿಚ್ಚಿದೆವು: ಕಟಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಗೀಗೀ ಪದದ ಅಜ್ಜಿಯೊಬ್ಬಳು ಉಳ್ಳಾಗಡ್ಡಿ ಗುದ್ದಿ ಕೊಟ್ಟಳು. ಕಾಕಾ ಅರ್ಧ ರೊಟ್ಟಿಗೇ ಕೈ ತೊಳೆದರು. ಹಾಡುವ ಮೊದಲು ಹೊಟ್ಟೆ ತುಂಬಿಸಬಾರದಂತೆ. ಪಾರಿಜಾತದ ಆಟ ಕಟ್ಟಿದ ಕುಲಗೋಡ ತಮ್ಮಣ್ಣನ ಹೆಸರು ಬಂದರೆ ಕಿವಿ ಮುಟ್ಟಿಕೊಳ್ಳುವರು. ಆ ಆಟದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನ ಸುದ್ದಿ ತೆಗೆದರೆ ಮಾತು ಮುಗಿಯುತ್ತಲೇ ಇರಲಿಲ್ಲ. ಅಂದೂ ಅದೇ ಸುದ್ದಿ ನಡೆದಾಗ ಒಳಗಿನಿಂದ ಕರೆ ಬಂತು.

"ದಾಖಲೆ ಏನೈತ್ರಿ ಅಜ್ಜಾರ?"

"ಹಾಡ್ತೀನ್ರಿ."

ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟಿದ್ದಾನೆ, ಸತ್ಯಭಾಮೆ ಮುನಿದಿದ್ದಾಳೆ. ಕಾಕಾ ಹೆಗಲ ಟವೆಲ್ಲನ್ನೇ ಸೆರಗು ಮಾಡಿ ಗೋಡೆಯತ್ತ ಮುಖ ತಿರುವಿದರು. ದನಿ ಎತ್ತಿದ್ದೇ ತಡ, ಕಿಟಕಿಯ ಆಚೆ ಬೇವಿನ ಕೆಳಗಿದ್ದವರು ಸೊಲ್ಲು ಹಿಡಿದರು. ಸಮಿತಿಯ ಹಿರಿಯರೊಬ್ಬರು ಮೇಜಿನ ಮೇಲೆ ಬೆರಳಲ್ಲಿ ತಾಳ ಕುಟ್ಟತೊಡಗಿದರು.

ಸಾಕು ಅಂದಾಗ ಕಾಕಾ ಕೈಮುಗಿದರು. "ರೊಕ್ಕ ಕೊಡ್ರಿ ಸಾಹೇಬ್ರ, ಔಷಧಕ್ಕ ಆಗತೈತಿ. ಜೋಡಿ ನಾಕು ಹುಡುಗರನ್ನೂ ಕೊಡ್ರಿ. ನನ್ನ ಬಾಯಾಗ ಇದ್ದದ್ದು ಅವರ ಬಾಯಿಗೆ ಹೋಗಲಿ."

ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಮಾಸಾಶನ ಬೇಕೇ ಬೇಕು. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಆದದ್ದೂ ನನಗೆ ಸಂತೋಷ. ಆದರೆ ಗಂಟಲು ಗಟ್ಟಿಯಿರುವಾಗಲೇ ಇಂಥವರನ್ನು ಸಂಬಳ ಕೊಟ್ಟು ಊರ ಶಾಲೆಗೆ ಕರೆಯಬೇಕಿತ್ತು. ಇವರು ಕಲಿತದ್ದು ಬಾಯಿಂದ ಬಾಯಿಗೆ. ಎದುರಿಗೆ ಮಕ್ಕಳು ಕೂತರೆ ಮಾತ್ರ ಮುಂದಕ್ಕೆ ಹೋಗುತ್ತದೆ.

ಮಾಸಾಶನ ಮಂಜೂರಾಯಿತು. ಮೊದಲು ಬಂದ ಹಣದಲ್ಲಿ ಕಾಕಾ ಹಾರ್ಮೋನಿಯಂ ಪೇಟಿ ರಿಪೇರಿ ಮಾಡಿಸಿ, ಸಂಜೆ ಹಣಮಪ್ಪನ ಗುಡಿಕಟ್ಟೆಯಲ್ಲಿ ಕೂತರು. ಬಂದವಳು ಒಬ್ಬಳೇ, ನಮ್ಮ ಓಣಿಯ ಹುಡುಗಿ. ಅವಳಿಗೆ ಸತ್ಯಭಾಮೆ ಬೇಡವಂತೆ, ಕೃಷ್ಣನೇ ಆಗಬೇಕಂತೆ. ಕಾಕಾ ಕೃಷ್ಣನ ಮಾತುಗಳಿಂದಲೇ ಪಾಠ ಶುರು ಮಾಡಿದರು.