ಬಿಜ್ಜರಗಿಯ ಹೊಲದಲ್ಲಿ ಎರಡು ರಾತ್ರಿ

ಪ್ರವಾಸವೆಂದರೆ ನಮ್ಮ ಕರಾವಳಿಯವರಿಗೆ ಊಟಿ, ಕೊಡೈಕನಾಲ್, ಮುನ್ನಾರ್. ಹುಟ್ಟಿದಂದಿನಿಂದ ಮಳೆ ಮತ್ತು ಹಸಿರಿನ ನಡುವೆಯೇ ಬದುಕುವ ನಾವು ರಜೆ ಸಿಕ್ಕಿದರೆ ಮತ್ತೆ ಮಳೆ ಮತ್ತು ಹಸಿರನ್ನೇ ಹುಡುಕಿಕೊಂಡು ಹೋಗುತ್ತೇವೆ. ಆದ್ದರಿಂದಲೇ ಈ ಬಾರಿ ವಿಜಯಪುರದ ಕಡೆ ಹೋಗುತ್ತೇವೆ, ಅದೂ ಟೆಂಟ್ ಕಟ್ಟಿಕೊಂಡು ಎಂದಾಗ ಸಂಬಂಧಿಕರಿಗೆ ನಗು ಬಂತು. ಅಲ್ಲೇನಿದೆ, ಬಿಸಿಲು, ಧೂಳು ಮತ್ತು ಗೋರಿಗಳು ಎಂದರು. ಈ ವಯಸ್ಸಿನಲ್ಲಿ ಹೊಲದಲ್ಲಿ ಮಲಗುವ ಹುಚ್ಚು ಯಾಕೆ ಎಂದೂ ಕೇಳಿದರು. ಮಕ್ಕಳು ಓದಿಗಾಗಿ ಮನೆ ಬಿಟ್ಟ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದ ಮನೆಯಲ್ಲಿ ಇಂಥ ಹುಚ್ಚು ಹುಟ್ಟುವುದು ಸಹಜ ಎಂಬ ಉತ್ತರ ನಮ್ಮ ಬಳಿ ಸಿದ್ಧವಿತ್ತು.

2024ರ ಡಿಸೆಂಬರ್ 28ರಂದು ನಸುಕಿನಲ್ಲೇ ಹೊರಟೆವು. ಕಾರಿನ ಡಿಕ್ಕಿಯಲ್ಲಿ ಇಬ್ಬರು ಮಲಗಬಹುದಾದ ಟೆಂಟ್, ಚಾಪೆ, ಎರಡು ಕಂಬಳಿ, ಸಣ್ಣದೊಂದು ಗ್ಯಾಸ್ ಒಲೆ, ಟಾರ್ಚ್ ಮತ್ತು ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದ್ದವು. ಅಂಕೋಲಾದಿಂದ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ದಾಟುವ ಹೊತ್ತಿಗೆ ಮರಗಳು ಕಡಿಮೆಯಾಗುತ್ತಾ, ಆಕಾಶ ದೊಡ್ಡದಾಗುತ್ತಾ ಬಂತು. ಸಂಜೆ ಕೊಲ್ಹಾರದ ಬಳಿ ಕೃಷ್ಣೆಯ ಉದ್ದನೆಯ ಸೇತುವೆ ದಾಟಿದೆವು. ಆಲಮಟ್ಟಿಯ ಹಿನ್ನೀರು ಎರಡೂ ಬದಿಗೆ ಸಮುದ್ರದಂತೆ ಹರಡಿತ್ತು. ಕೊಲ್ಹಾರದ ಗಡಿಗೆ ಮೊಸರು ಹೆಸರುವಾಸಿ. ಮಣ್ಣಿನ ಗಡಿಗೆಯ ಗಟ್ಟಿ ಮೊಸರನ್ನು ಕೊಂಡು, ರಸ್ತೆಯ ಬದಿಯಲ್ಲೇ ಅರ್ಧ ಮುಗಿಸಿದೆವು. ಆ ರಾತ್ರಿ ವಿಜಯಪುರದ ವಸತಿಗೃಹವೊಂದರಲ್ಲಿ ಉಳಿದೆವು. ನಗರದ ಸ್ಮಾರಕಗಳ ಆವರಣದಲ್ಲಿ ಟೆಂಟ್ ಕಟ್ಟುವ ಹಾಗಿಲ್ಲ, ಕಟ್ಟಲೂ ಬಾರದು.

ಮರುದಿನ ಬೆಳಿಗ್ಗೆ ಎಲ್ಲರೂ ನೋಡುವ ಗೋಲಗುಮ್ಮಟವನ್ನು ನಾವೂ ನೋಡಿದೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿನ ಆ ಗುಮ್ಮಟದ ಹೊರವ್ಯಾಸ 44 ಮೀಟರ್. ಒಳಗೆ ಒಂದೇ ಒಂದು ಕಂಬವಿಲ್ಲ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಂತೆವು. ಜನ ಕಡಿಮೆಯಿದ್ದುದರಿಂದ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಕರೆದ ಹೆಸರು ಎದುರು ಬದಿಗೆ ಸ್ಪಷ್ಟವಾಗಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಶಾಲೆಯ ಮಕ್ಕಳು ಬಂದರು, ಸಿಳ್ಳೆ, ಕೂಗು, ಚಪ್ಪಾಳೆ ತುಂಬಿಕೊಂಡಿತು. ನಾವು ನಗುತ್ತಾ ಇಳಿದೆವು.

ಆದರೆ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ತಾಜ್ ಬಾವಡಿ. ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ ಕಟ್ಟಿದ ಬಾವಿಯಿದು. ಬಾವಿ ಎಂದರೆ ತಪ್ಪಾದೀತು. ಮುಂದೆ ದೊಡ್ಡ ಕಮಾನು, ಆಚೀಚೆ ಗೋಪುರಗಳು, ಕೆಳಗೆ ವಿಶಾಲವಾದ ಚೌಕ ಕೊಳ. ಕಮಾನಿನ ಎರಡೂ ಬದಿಯ ಕಟ್ಟಡಗಳು ದಾರಿಹೋಕರು ತಂಗಲೆಂದು ಇದ್ದವು. ದೂರದಿಂದ ಬಂದವನಿಗೆ ಮೊದಲು ಬೇಕಾದದ್ದು ನೀರು, ಆಮೇಲೆ ನೆರಳು. ಅವೆರಡನ್ನೂ ಒಂದೇ ಕಡೆ ಇಟ್ಟವರ ತಿಳುವಳಿಕೆ ದೊಡ್ಡದು. ಟೆಂಟ್ ಹೊತ್ತುಕೊಂಡು ಬಂದ ನಮಗೆ ಅದು ಬೇಗನೆ ಅರ್ಥವಾಯಿತು.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದು ಹೇಗೆ? ಉತ್ತರ ನೆಲದಡಿಯಲ್ಲಿದೆ. ನಗರದ ಪಶ್ಚಿಮಕ್ಕಿರುವ ತೊರವಿಯಿಂದ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಗೂ ಹೂಳೆತ್ತುವುದಕ್ಕೂ ನೇರ ಬಾವಿಗಳನ್ನು ತೋಡಿ, ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿದು ಬರುವಂತೆ ಮಾಡಿದರು. ಪರ್ಷಿಯಾದಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ದಕ್ಷಿಣದಲ್ಲಿ 1651ರಲ್ಲಿ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಕೊಳವೆ ಒಡೆಯದಂತೆ ನೀರಿನ ಒತ್ತಡ ಇಳಿಸಲು ಮತ್ತು ಕೆಸರು ತಳದಲ್ಲಿ ನಿಲ್ಲಲು ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಕೆಲವು ಗಂಜ್‌ಗಳು ಇಂದಿಗೂ ನಗರದ ನಡುವೆ ನಿಂತಿವೆ, ಅವುಗಳ ಮುಂದೆ ಹಾದುಹೋಗುವ ಹೆಚ್ಚಿನವರು ತಲೆ ಎತ್ತಿ ನೋಡುವುದಿಲ್ಲ. ದಖ್ಖನ್ ಪ್ರಸ್ಥಭೂಮಿಯ ಈ ಪುರಾತನ ನೀರಿನ ವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು.

ನಮಗೆ ಇದು ತೀರ ಹೊಸತಲ್ಲ. ನಮ್ಮ ವಿಟ್ಲ, ಪೆರ್ಲದ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ಪಡೆಯುವ ಕ್ರಮ ಈಗಲೂ ಇದೆ. ಆದರೆ ನಮ್ಮಲ್ಲಿ ಅದು ಒಂದು ತೋಟಕ್ಕೆ, ಒಂದು ಮನೆಗೆ. ಇಲ್ಲಿ ಅದೇ ಯುಕ್ತಿಯಿಂದ ಒಂದು ನಗರವೇ ನೀರು ಕುಡಿಯಿತು.

ಮಧ್ಯಾಹ್ನ ಅಥಣಿ ರಸ್ತೆ ಹಿಡಿದು ತೊರವಿಗೆ ಬಂದೆವು. ನರಸಿಂಹ ದೇವಾಲಯದ ಊರು, ತೊರವೆ ರಾಮಾಯಣ ಬರೆದ ಕವಿಯ ಊರು. ಇದರ ಬಗಲಿಗೇ ಎರಡನೇ ಇಬ್ರಾಹೀಮ್ 1599ರಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಲು ತೊಡಗಿದ್ದ. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಸಂಗೀತ ಮಹಲ್ ಎಂದು ಜನ ಕರೆಯುವ ಕಟ್ಟಡದ ಎತ್ತರದ ಕಮಾನು ಮಾತ್ರ ಬಯಲಿನಲ್ಲಿ ನಿಂತಿದೆ. ಸುತ್ತ ಆಡುಗಳು ಮೇಯುತ್ತಿದ್ದವು.

ಅಲ್ಲಿಂದ ಟಿಕೋಟಾ ದಾಟಿ ಬಿಜ್ಜರಗಿಯ ದಾರಿ ಹಿಡಿದಾಗ ಬಿಸಿಲು ಇಳಿಯುತ್ತಿತ್ತು. ಒಣ ನೆಲ ಎಂದು ಕೇಳಿಕೊಂಡು ಬಂದ ನಮಗೆ ಎರಡೂ ಬದಿಯಲ್ಲಿ ದ್ರಾಕ್ಷಿ ಚಪ್ಪರಗಳು ಕಂಡವು. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ಚಪ್ಪರಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳು, ಅಲ್ಲಲ್ಲಿ ಉದ್ದನೆಯ ಶೆಡ್‌ಗಳು.

ಊರಿಗೆ ಸ್ವಲ್ಪ ಮುಂಚೆ ಒಂದು ಹೊಲದ ಬದುವಿನ ಬಳಿ ಕಾರು ನಿಲ್ಲಿಸಿದೆವು. ಕೇಳದೆ ಯಾರ ನೆಲದಲ್ಲೂ ಟೆಂಟ್ ಕಟ್ಟಬಾರದೆಂಬುದು ನಮ್ಮ ಮೊದಲ ನಿಯಮ. ಬೇವಿನ ಮರದ ಕೆಳಗೆ ಕುಳಿತಿದ್ದ ಹಿರಿಯ ರೈತರ ಬಳಿ ಹೋಗಿ ವಿಷಯ ಹೇಳಿದೆವು. ಅವರು ಮೊದಲು ಕಾರನ್ನು, ಆಮೇಲೆ ನಮ್ಮನ್ನು ನೋಡಿ, ಎಲ್ಲಿಂದ ಬಂದಿರಿ ಎಂದು ಕೇಳಿದರು. ನಂತರ ಹೆಸರು ಕೇಳಿದರು.

ಈಚಿನ ವರ್ಷಗಳಲ್ಲಿ ಅಪರಿಚಿತ ಊರಿನಲ್ಲಿ ಹೆಸರು ಹೇಳುವ ಮುನ್ನ ನಮ್ಮಂಥವರ ನಾಲಗೆ ಅರೆಕ್ಷಣ ತಡೆಯುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಬ್ಬರ ಹೆಸರನ್ನೂ ಹೇಳಿದೆವು. ಅವರು ಮೀಸೆ ಸವರಿಕೊಂಡು ಯೋಚನೆಗೆ ಬಿದ್ದರು. ಬೇರೆ ಜಾಗ ಹುಡುಕಬೇಕಾದೀತೆಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅಲ್ಲರೀ ಸಾಹೇಬ್ರ, ನಮ್ಮ ಮನ್ಯಾಗ ಬರೇ ಕಾಯಿಪಲ್ಲೆ ಊಟ. ನಿಮಗ ನಡೀತೈತೇನ್ರಿ?" ಎಂದರು.

ಅವರ ಯೋಚನೆ ಅದಾಗಿತ್ತು! ನಮಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. "ಹೊಲದಾಗ ಯಾಕ ಮಲಗ್ತೀರಿ, ಥಂಡಿ ಭಾಳ ಐತಿ. ಶೆಡ್ಡ ಖಾಲಿ ಐತಿ, ಅದರಾಗ ನಿಮ್ಮ ಡೇರೆ ಹೊಡ್ಕೋರಿ" ಎಂದು ಎದ್ದರು. ಹೀಗೆ ನಮ್ಮ ಟೆಂಟ್ ಒಣದ್ರಾಕ್ಷಿ ಮಾಡುವ ಶೆಡ್ಡಿನೊಳಗೆ ನಿಂತಿತು.

ಶೆಡ್ ಎಂದರೆ ಗೋಡೆಯಿಲ್ಲದ, ಮೇಲೆ ತಗಡು ಹೊದಿಸಿದ ಉದ್ದನೆಯ ಚಪ್ಪರ. ಒಳಗೆ ಒಂದರ ಮೇಲೊಂದು ಬಲೆಯ ಅಂತಸ್ತುಗಳು. ರಾತ್ರಿ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಾ ಆ ಹಿರಿಯರು ಕೆಲಸದ ಬಗೆ ವಿವರಿಸಿದರು. ಅಕ್ಟೋಬರಿನಲ್ಲಿ ಬಳ್ಳಿಯ ಚಾಟಣಿ ಮಾಡಿದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಣ್ಣು. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಅದ್ದುವ ಎಣ್ಣೆ ಬೆರೆಸಿದ ನೀರಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಬಿಟ್ಟುಕೊಂಡು ಒಳಗಿನ ನೀರು ಬೇಗ ಆರುತ್ತದೆ. ಬಲೆಯ ಮೇಲೆ ನೆರಳಿನಲ್ಲಿ ಹರಡಿದರೆ ಎರಡು ವಾರದಲ್ಲಿ ಒಣದ್ರಾಕ್ಷಿ ಸಿದ್ಧ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಆ ಹದಿನೈದು ದಿನದಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ವರ್ಷದ ದುಡಿಮೆ ಬಣ್ಣಗೆಟ್ಟು ಹೋಗುತ್ತದೆ. ಮಳೆ ಬಾರದಿದ್ದರೆ ಬಳ್ಳಿ ಸಾಯುತ್ತದೆ, ಬಂದರೆ ಹಣ್ಣು ಕೆಡುತ್ತದೆ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಕತೆಯನ್ನು ಅವರು ಯಾವ ಗೋಳೂ ಇಲ್ಲದೆ ಹೇಳಿದರು. ನಾವು ಈದ್‌ನ ಪಾಯಸಕ್ಕೆ ಹಿಡಿ ಹಿಡಿ ಸುರಿಯುವ ದ್ರಾಕ್ಷಿಯ ಹಿಂದೆ ಇಷ್ಟು ಲೆಕ್ಕಾಚಾರವಿದೆ.

ಮಲಗುವ ಮುನ್ನ ನಮಾಜಿಗೆ ವುಝೂ ಮಾಡಲು ನಮ್ಮ ಕ್ಯಾನ್ ತೆರೆಯುತ್ತಿದ್ದಾಗ ಮನೆಯ ಹಿರಿಯಾಕೆ ತುಂಬಿದ ಕೊಡ ತಂದಿಟ್ಟರು. "ಇದು ಸಿಹಿನೀರ ಅದಾವ ಬೇ, ತಗೋ" ಎಂದರು. ಟ್ಯಾಂಕರಿನ ಕತೆ ಆಗತಾನೆ ಕೇಳಿದ್ದ ನಮಗೆ ಆ ಕೊಡ ಬಹಳ ದೊಡ್ಡದಾಗಿ ಕಂಡಿತು. ಒಂದು ತಂಬಿಗೆಯಲ್ಲಿ ಇಬ್ಬರೂ ವುಝೂ ಮುಗಿಸಿದೆವು. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ನೀರು ಪೋಲು ಮಾಡಬಾರದೆಂಬ ಪ್ರವಾದಿವರ್ಯರ ಬೋಧನೆಯನ್ನು ಬಾಲ್ಯದಿಂದ ಕೇಳಿದವರು ನಾವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಮಂಗಳೂರಿನಲ್ಲಿ ನಳ್ಳಿ ತಿರುಗಿಸಿಟ್ಟೇ ವುಝೂ ಮಾಡುತ್ತೇವೆ. ಅದೇ ಮಂಗಳೂರಿನಲ್ಲಿ 2016ರಲ್ಲೂ 2019ರಲ್ಲೂ ಬೇಸಿಗೆಯಲ್ಲಿ ನೀರು ಪಾಳಿಯಂತೆ ಬಂತು. ಮಳೆ ಹೆಚ್ಚಿದ್ದ ಮಾತ್ರಕ್ಕೆ ನೀರು ಹೆಚ್ಚಿರುತ್ತದೆ ಎಂದೇನಿಲ್ಲ. ಉಳಿಸಿಕೊಂಡದ್ದಷ್ಟೇ ನಮ್ಮದು.

ಬೆಳಗಾದರೆ ಎಳ್ಳಮಾವಾಸ್ಯೆ. ಹೊರಡಲು ಟೆಂಟ್ ಮಡಚುತ್ತಿದ್ದವರನ್ನು ಮನೆಯವರು ಬಿಡಲೇ ಇಲ್ಲ. "ಚರಗ ಚೆಲ್ಲೂ ದಿನ ಉಂಡ್ಲಾರ್ದ ಹೋಗ್ತಾರೇನ್ರಿ ಯಾರಾದ್ರೂ?" ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಧ್ಯಾಹ್ನ ಬಂಧುಬಳಗವೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಬಂತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹೋಳಿಗೆ, ಮೊಸರು. ಬೆಳೆ ಹೊತ್ತ ಭೂಮಿ ಬಸುರಿಯೆಂದು ನಂಬಿ, ಆಕೆಯ ಬಯಕೆ ತೀರಿಸಲು ಅಡುಗೆಯನ್ನು ಹೊಲದ ತುಂಬ ಚೆಲ್ಲುವ ಹಬ್ಬವದು. ಪೂಜೆ, ಚರಗ ಅವರದು. ನಾವು ಬದುವಿನ ಮೇಲೆ ಕುಳಿತು ನೋಡಿದೆವು. ಊಟದ ಪಂಕ್ತಿಯಲ್ಲಿ ಮಾತ್ರ ನಾವು ಅವರು ಎಂಬುದಿರಲಿಲ್ಲ. ದಾರಿಯಲ್ಲಿ ಸೈಕಲ್ ತುಳಿದು ಹೋಗುತ್ತಿದ್ದವನನ್ನೂ ಕೂಗಿ ಕರೆದು ಕೂರಿಸಿದರು. ಅಂದು ಆ ಬಯಲಿನಲ್ಲಿ ಹಸಿದವರು ಯಾರೂ ಇದ್ದಿರಲಾರರು.

ಊಟವಾದ ಮೇಲೆ ಮಾತು ಸಹಜವಾಗಿಯೇ ಸಿದ್ಧೇಶ್ವರ ಸ್ವಾಮೀಜಿಯವರ ಕಡೆ ಹೊರಳಿತು. ವಿಜಯಪುರದ ಜ್ಞಾನಯೋಗಾಶ್ರಮದ ಸ್ವಾಮೀಜಿ ಹುಟ್ಟಿದ್ದು ಇದೇ ಬಿಜ್ಜರಗಿಯಲ್ಲಿ. ಜೇಬಿಲ್ಲದ ಬಿಳಿ ಅಂಗಿ ತೊಟ್ಟು ಊರೂರಿನಲ್ಲಿ ಪ್ರವಚನ ಮಾಡಿದ ಅವರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದರು. 2023ರ ಜನವರಿ 2ರಂದು ತೀರಿಕೊಂಡಾಗ ಲಕ್ಷಾಂತರ ಜನ ಸೇರಿದ್ದರು. ದೇಹವನ್ನು ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಹಾಗೆಯೇ ನಡೆಯಿತು. ಹಿಂದಿನ ದಿನವಷ್ಟೇ 44 ಮೀಟರಿನ ಗುಮ್ಮಟದಡಿ ನಿಂತು ಬಂದ ನಮಗೆ ಈ ಮಾತು ವಿಶೇಷವಾಗಿ ತಟ್ಟಿತು. ಒಂದು ದೊಡ್ಡದು, ಇನ್ನೊಂದು ಸಣ್ಣದು ಎಂದಲ್ಲ. ಗುಮ್ಮಟ ಕಟ್ಟಿದವರ ಕೈಚಳಕ ಮಾನವಕುಲದ ಆಸ್ತಿ. ಆದರೆ ಅದೇ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಬೇಗಂ ತಲಾಬನ್ನೂ ಕಟ್ಟಿದರೆಂಬುದು ಎಷ್ಟು ಪ್ರವಾಸಿಗರಿಗೆ ಗೊತ್ತು? ಗೋರಿ ನೋಡಲು ಸರದಿ ನಿಲ್ಲುವ ನಾವು, ಬದುಕಿದ್ದವರಿಗಾಗಿ ಅವನ ಕಾಲ ಮಾಡಿದ್ದನ್ನು ನೋಡದೆ ಬರುತ್ತೇವೆ.

ಆ ರಾತ್ರಿಯೂ ಶೆಡ್ಡಿನಲ್ಲೇ ಕಳೆಯಿತು. ಅಮಾವಾಸ್ಯೆಯ ಕತ್ತಲಿನಲ್ಲಿ ಟೆಂಟಿನ ಬಾಯಿ ತೆರೆದರೆ ಆಕಾಶದ ಅಂಚಿನವರೆಗೂ ನಕ್ಷತ್ರಗಳು. ತೆಂಗಿನ ಮರಗಳ ಸಂದಿಯಲ್ಲಿ ತುಂಡು ಆಕಾಶ ನೋಡಿ ಬೆಳೆದ ನಾವು ಬಹಳ ಹೊತ್ತು ಮಾತಿಲ್ಲದೆ ಕುಳಿತೆವು. ಮದುವೆಯಾದ ಹೊಸತರಲ್ಲಿ ಹೀಗೆ ಕುಳಿತದ್ದು ಬಿಟ್ಟರೆ ನಡುವಿನ ವರ್ಷಗಳಲ್ಲಿ ಅಂಥ ಸಮಯ ಸಿಕ್ಕಿದ ನೆನಪು ಇಬ್ಬರಿಗೂ ಇರಲಿಲ್ಲ.

ಮರುದಿನ ಬಬಲೇಶ್ವರದ ಕಡೆ ಹೊರಟಾಗ ದಾರಿಯಲ್ಲಿ ಡೋಣಿ ನದಿ ಸಿಕ್ಕಿತು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಈ ಕಡೆ ಎಲ್ಲರ ಬಾಯಲ್ಲಿದೆ. ನದಿಯ ನೀರು ಸವಳು, ಕುಡಿಯಲು ಬಾರದು. ದಂಡೆಯ ಕಪ್ಪು ನೆಲ ಮಾತ್ರ ಬಂಗಾರ. ಎದೆಯೆತ್ತರದ ಬಿಳಿಜೋಳ ಹಿಂಗಾರಿನ ತೇವದಲ್ಲೇ ತೆನೆ ಬಿಡಲು ಸಜ್ಜಾಗಿತ್ತು. ಬಬಲೇಶ್ವರದಿಂದ ಮಮದಾಪುರಕ್ಕೆ ಹೋದೆವು. ಊರ ಹೆಸರಿನಲ್ಲೇ ಮುಹಮ್ಮದ್ ಆದಿಲ್‌ಶಾಹ ಇದ್ದಾನೆ. ಅವನು ಕಟ್ಟಿಸಿದ ದೊಡ್ಡ ಕೆರೆ, ಸಣ್ಣ ಕೆರೆ ಎರಡೂ ಇಲ್ಲಿವೆ. ಕೃಷ್ಣೆಯ ನೀರನ್ನು ಎತ್ತಿ ಈ ಸೀಮೆಯ ಕೆರೆಗಳಿಗೆ ತುಂಬಿಸುವ ಯೋಜನೆಗಳು ಈ ಕಾಲದ್ದು, ನೀರು ನಿಲ್ಲುವ ಒಡ್ಡು ಸುಮಾರು ನಾಲ್ಕು ನೂರು ವರ್ಷ ಹಿಂದಿನದು. ಆ ಒಡ್ಡಿನ ಮೇಲೆ ಕುಳಿತು, ಹಿರಿಯಾಕೆ ಕಟ್ಟಿಕೊಟ್ಟಿದ್ದ ರೊಟ್ಟಿ ಚಟ್ನಿ ತಿಂದೆವು.

ಟೆಂಟ್ ಹಿಡಿದು ಹೊರಡುವ ಆಸೆಯಿದ್ದ ಓದುಗರಿಗೆ ನಮ್ಮದೆರಡು ಮಾತು. ಈ ಕಡೆಗೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ, ಆಮೇಲೆ ಬಿಸಿಲು ತಾಳಲಾಗದು. ನೆಲದ ಯಜಮಾನರನ್ನು ಕೇಳಿಯೇ ತಂಗಿರಿ, ತಂದ ಕಸವನ್ನು ಹಿಂದಕ್ಕೆ ಒಯ್ಯಿರಿ. ಗೋಲಗುಮ್ಮಟಕ್ಕೆ ಒಂದು ತಾಸು ಕೊಟ್ಟರೆ ತಾಜ್ ಬಾವಡಿಗೂ ಒಂದು ಗಂಜ್‌ಗೂ ಅರ್ಧ ತಾಸಾದರೂ ಕೊಡಿ. ಮತ್ತೆ, ಯಾರಾದರೂ ಹೆಸರು ಕೇಳಿದರೆ ಧೈರ್ಯವಾಗಿ ಹೇಳಿ. ಎಲ್ಲ ಕಡೆಯೂ ಬಿಜ್ಜರಗಿಯ ಉತ್ತರವೇ ಸಿಗುತ್ತದೆಂದು ನಾವು ಹೇಳಲಾರೆವು. ಆದರೆ ಹೋಗಿ ಕೇಳದಿದ್ದರೆ ಅಂಥ ಉತ್ತರವೂ ಇದೆಯೆಂದು ತಿಳಿಯುವ ದಾರಿ ಬೇರೆ ಯಾವುದು? ಮಳೆ ಕಡಿಮೆಯಿರುವ ಊರಿನವರು ಅಪರಿಚಿತರಿಗೆ ತುಂಬಿದ ಕೊಡ ತಂದಿಟ್ಟರು. ಮಳೆ ಧಾರಾಳವಾಗಿರುವ ನಮ್ಮ ಊರುಗಳ ಅಂಗಳಕ್ಕೆ ಒಬ್ಬ ದಾರಿಹೋಕ ಸಂಜೆಯ ಹೊತ್ತು ಬಂದು ನಿಂತರೆ ನಾವು ಅವನನ್ನು ಮೊದಲು ಏನು ಕೇಳುತ್ತೇವೆ ಎಂಬುದು ಈಗ ನಮ್ಮ ಮನೆಯಲ್ಲಿ ಆಗಾಗ ಬರುವ ಮಾತು.