ಬ್ಲೆಚ್ಲಿಯ ಹಳೆಯ ಗಣಕಗಳು

ಲಂಡನ್ ನಗರಕ್ಕೆ ಹೋದವರು ಅರಮನೆ, ಸೇತುವೆ, ಚಿತ್ರಶಾಲೆಗಳನ್ನು ನೋಡಿ ಹಿಂತಿರುಗುವುದು ವಾಡಿಕೆ. ಅವೆಲ್ಲವನ್ನೂ ನಾವೂ ನೋಡಿದೆವು. ಇನ್ನೊಂದು ದಿನ ಉಳಿದಿತ್ತು. ಹಳೆಯ ಪರಿಚಯದ ಯಂತ್ರವೊಂದನ್ನು ಮತ್ತೊಮ್ಮೆ ಕಾಣಬೇಕೆಂಬ ಆಸೆ ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿದ್ದುದರಿಂದ, ಹತ್ತು ವರುಷದ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಬೆಳಗ್ಗೆಯೇ ಬ್ಲೆಚ್ಲಿ ಎಂಬ ಊರಿಗೆ ಹೊರಟೆವು.

ಈ ಊರು ಲಂಡನ್ನಿಗೆ ವಾಯವ್ಯದಲ್ಲಿ ಸುಮಾರು ೫೦ ಮೈಲಿ ದೂರದಲ್ಲಿದೆ. ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ ಬ್ಲೆಚ್ಲಿಯಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಬ್ಲೆಚ್ಲಿ ಪಾರ್ಕ್ ಎಂಬ ವಿಶಾಲವಾದ ಆವರಣ ಎದುರಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಸಂದೇಶಗಳನ್ನು ಬಿಡಿಸಿ ಓದುತ್ತಿದ್ದವರು ಇಲ್ಲಿಯೇ ಹಗಲಿರುಳೂ ದುಡಿದರು. ಆ ಕಾಲದ ಕೊಲೊಸಸ್ ಯಂತ್ರಗಳಿಗಾಗಿ ಕಟ್ಟಿದ ‘ಎಚ್’ ಎಂಬ ಕಟ್ಟಡದಲ್ಲಿ ೨೦೦೭ರಿಂದ ರಾಷ್ಟ್ರೀಯ ಗಣಕ ವಸ್ತುಸಂಗ್ರಹಾಲಯವು ನಡೆಯುತ್ತಿದೆ.

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಗಳೂ ‘ಮುಟ್ಟಬಾರದು’ ಎಂಬ ಹಲಗೆಗಳೂ ನಮ್ಮ ಕಣ್ಣ ಮುಂದೆ ಬರುತ್ತವೆ. ಇಲ್ಲಿಯ ನಡೆ ಬೇರೆ. ೧೯೫೧ರಲ್ಲಿ ಕೆಲಸಕ್ಕೆ ತೊಡಗಿದ ಹಾರ್ವೆಲ್ ಡೆಕಟ್ರಾನ್ ಎಂಬ ಬೃಹದ್ಯಂತ್ರವನ್ನು ಸ್ವಯಂಸೇವಕರು ವರುಷಗಟ್ಟಲೆ ದುರಸ್ತಿಮಾಡಿ ೨೦೧೨ರಲ್ಲಿ ಮತ್ತೆ ನಡೆಯಿಸಿದರು. ಆದರೆ ನಾವು ಅರಸಿ ಬಂದುದು ಅಷ್ಟು ದೊಡ್ಡದನ್ನಲ್ಲ. ಒಂದು ಕೋಣೆಯಲ್ಲಿ ಶಾಲೆಯಂತೆಯೇ ಮೇಜುಗಳನ್ನು ಹಾಕಿ, ಅವುಗಳ ಮೇಲೆ ಬಿ.ಬಿ.ಸಿ. ಮೈಕ್ರೊ ಎಂಬ ಗಣಕಗಳನ್ನು ಸಾಲಾಗಿ ಇಟ್ಟಿದ್ದರು. ಮಾಸಲು ಕೆನೆಬಣ್ಣದ ಕವಚ, ಕಪ್ಪು ಗುಂಡಿಗಳು, ಅವುಗಳ ಮೇಲುಗಡೆ ಹತ್ತು ಕೆಂಪು ಗುಂಡಿಗಳು. ನೋಡುತ್ತಲೇ ಗುರುತು ಹತ್ತಿತು.

ಬ್ರಿಟಿಷ್ ಬಾನುಲಿ ಸಂಸ್ಥೆಯವರು ಮನೆಮಂದಿಗೆಲ್ಲ ಗಣಕವಿದ್ಯೆಯನ್ನು ಕಲಿಸಬೇಕೆಂದು ೧೯೮೨ರ ಜನವರಿಯಲ್ಲಿ ದೂರದರ್ಶನ ಪಾಠಮಾಲೆಯೊಂದನ್ನು ಆರಂಭಿಸಿದರು. ಅದಕ್ಕೆ ಒಪ್ಪುವ ಯಂತ್ರವನ್ನು ಕೇಂಬ್ರಿಜ್ ಪಟ್ಟಣದ ಏಕಾರ್ನ್ ಎಂಬ ಚಿಕ್ಕ ಕಂಪೆನಿಯವರು ತಯಾರಿಸಿ, ೧೯೮೧ರ ಡಿಸೆಂಬರಿನಲ್ಲಿ ಹೊರತಂದಿದ್ದರು. ೧೨,೦೦೦ ಯಂತ್ರಗಳು ಮಾರಿದರೆ ಸಾಕೆಂದು ಎಣಿಸಿದ್ದರಂತೆ. ಕೊನೆಗೆ ಮಾರಿದ್ದು ೧೫ ಲಕ್ಷ! ಇದರ ‘ಬಿ’ ಮಾದರಿಯ ಸ್ಮರಣಶಕ್ತಿ ೩೨ ಕಿಲೊಬೈಟು ಮಾತ್ರ. ಇಂದು ಕೈಫೋನಿನಲ್ಲಿ ತೆಗೆದ ಒಂದು ಭಾವಚಿತ್ರವೂ ಅದರಲ್ಲಿ ಹಿಡಿಸದು. ಆದರೂ ಆ ಕೈಫೋನುಗಳು ಇದರ ವಂಶದವೇ ಎನ್ನಬೇಕು. ಮೈಕ್ರೊವನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬವರೇ ಮುಂದೆ ‘ಆರ್ಮ್’ ಎಂಬ ಸಂಸ್ಕಾರಕವನ್ನು ರಚಿಸಿದರು. ೧೯೮೫ರ ಏಪ್ರಿಲಿನಲ್ಲಿ ಅದರ ಮೊದಲ ಪ್ರತಿಯನ್ನು ಇಂತಹ ಮೈಕ್ರೊ ಒಂದಕ್ಕೆ ಜೋಡಿಸಿಯೇ ನಡೆಯಿಸಿದರು. ನಮ್ಮ ಜೇಬಿನ ಫೋನುಗಳಲ್ಲಿ ಇಂದು ಕೆಲಸಮಾಡುತ್ತಿರುವುದು ಅದರ ಸಂತತಿ.

ಮೊಮ್ಮಗಳು ಕುಳಿತು ಗುಂಡಿಯನ್ನು ಅದುಮಿದಳು. ಎರಡು ಸ್ವರಗಳು ಒಂದರ ಹಿಂದೊಂದು ಕೇಳಿಬಂದವು. ಕ್ಷಣದಲ್ಲಿ ಯಂತ್ರ ಸಿದ್ಧ. ಅಲ್ಲಿದ್ದ ನರೆಗೂದಲಿನ ಸ್ವಯಂಸೇವಕರು, “ಮಗು, ನಿನ್ನ ಹೆಸರನ್ನು ಬರೆಯುವಂತೆ ಇದಕ್ಕೆ ಅಪ್ಪಣೆ ಕೊಡು” ಎಂದು ಬೇಸಿಕ್ ಭಾಷೆಯ ಎರಡು ಸಾಲುಗಳನ್ನು ಹೇಳಿಕೊಟ್ಟರು. ಪರದೆಯ ತುಂಬ ಅವಳ ಹೆಸರು ಹರಿಯತೊಡಗಿತು. ಅವಳ ಮುಖ ಅರಳಿತು. ಹೊರಡುವಾಗ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು, ಹೆಸರು ಇಲ್ಲ! “ಎಲ್ಲಿ ಹೋಯಿತು?” ಎಂದು ನಮ್ಮನ್ನು ಕೇಳಿದಳು. “ಟೇಪಿನಲ್ಲೋ ತಟ್ಟೆಯಲ್ಲೋ ಬರೆದಿಡದಿದ್ದರೆ ಇದಕ್ಕೆ ಏನೂ ನೆನಪಿರದು” ಎಂದು ಅವರು ನಕ್ಕರು.

ಯಂತ್ರಗಳ ಕ್ಷೇಮವನ್ನು ವಿಚಾರಿಸಿದೆವು. ಈ ಮೈಕ್ರೊಗಳಿಗೆ ವಯೋಧರ್ಮದ ಒಂದು ರೋಗವುಂಟಂತೆ. ವಿದ್ಯುತ್ತನ್ನು ಒದಗಿಸುವ ಭಾಗದಲ್ಲಿರುವ ಕೆಪ್ಯಾಸಿಟರುಗಳ ಹೊದಿಕೆ ಕಾಲಕ್ರಮದಲ್ಲಿ ಬಿರಿದು ತೇವವನ್ನು ಹೀರಿಕೊಳ್ಳುತ್ತದೆ. ಒಂದು ದಿನ ಯಂತ್ರವನ್ನು ಹಚ್ಚಿದೊಡನೆ ಗಬ್ಬುನಾತದ ಹೊಗೆ ಎದ್ದುಬರುತ್ತದೆ. ಬಲ್ಲವರು ಮುಂಚೆಯೇ ಹಳೆಯದನ್ನು ಕಿತ್ತು ಹೊಸದನ್ನು ಬೆಸೆಯುತ್ತಾರೆ. ಹೀಗೆ ಮನೆಗಳಲ್ಲಿ ಇದನ್ನು ಸಾಕುತ್ತಿರುವವರು ಅನೇಕರು; ಟೇಪುಗಳಿಗೆ ಬದಲಾಗಿ ಉಗುರಿನಷ್ಟು ಸ್ಮೃತಿಪತ್ರವನ್ನು ಜೋಡಿಸುತ್ತಾರೆ; ಹೊಸ ಆಟಗಳನ್ನೂ ರಚಿಸುತ್ತಾರೆ.

“ಇಷ್ಟು ಶ್ರಮವೇಕೆ?” ಎಂದೆವು. ಅವರು ಒಂದು ಕಥೆಯನ್ನು ಹೇಳಿದರು. ೧೦೮೬ರಲ್ಲಿ ಇಂಗ್ಲೆಂಡಿನ ದೊರೆ ವಿಲಿಯಮನು ತನ್ನ ರಾಜ್ಯದ ಹೊಲಮನೆಗಳನ್ನೆಲ್ಲ ಲೆಕ್ಕಹಾಕಿಸಿ ಬರೆಯಿಸಿದ ಡೂಮ್ಸ್‌ಡೇ ಗ್ರಂಥವುಂಟು. ಅದರ ೯೦೦ನೆಯ ವರುಷದ ನೆನಪಿಗಾಗಿ, ೧೯೮೬ರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರು ತಮ್ಮ ತಮ್ಮ ಊರಿನ ವಿವರಗಳನ್ನು ಕಲೆಹಾಕಿ, ಮೈಕ್ರೊ ವಂಶದ ಗಣಕದಿಂದ ಓದುವ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನೈದು ವರುಷ ತುಂಬುವುದರೊಳಗೆ ಆ ತಟ್ಟೆಗಳನ್ನು ಓದಬಲ್ಲ ಯಂತ್ರಗಳೇ ವಿರಳವಾದವು. ಚರ್ಮಪತ್ರದ ಗ್ರಂಥವನ್ನಾದರೋ ಇಂದಿಗೂ ಓದಬಹುದು! ಹಳೆಯ ಯಂತ್ರಗಳನ್ನು ಬಲ್ಲವರೂ ವಿದ್ವಾಂಸರೂ ಕಷ್ಟಪಟ್ಟು ಆ ಬರಹಗಳನ್ನು ಹೊರತೆಗೆಯಬೇಕಾಯಿತು. “ಗ್ರಂಥವನ್ನು ಮುಚ್ಚಿಟ್ಟರೂ ಬಾಳುತ್ತದೆ, ಯಂತ್ರವನ್ನು ಮುಚ್ಚಿಟ್ಟರೆ ಸಾಯುತ್ತದೆ” ಎಂದರು ಆ ಹಿರಿಯರು.

ಆ ಮಾತು ನಮಗೆ ನಾಟಿತು. ೧೯೮೪ರಲ್ಲಿ ನಮ್ಮ ದೇಶದ ೨೫೦ ಶಾಲೆಗಳಲ್ಲಿ ‘ಕ್ಲಾಸ್’ ಎಂಬ ಯೋಜನೆ ಆರಂಭವಾದಾಗ ಬಂದುವು ಇದೇ ಮೈಕ್ರೊಗಳು. ಅಂತಹ ಒಂದು ಶಾಲೆಯಲ್ಲಿ ನಾವು ಉಪಾಧ್ಯಾಯರಾಗಿದ್ದೆವು. ಚಪ್ಪಲಿಗಳನ್ನು ಹೊರಗೆ ಬಿಡಿಸಿ, ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ, ಕೆಟ್ಟೀತೆಂಬ ಭಯದಿಂದ ವಾರಕ್ಕೊಮ್ಮೆ ಮಾತ್ರ ಆ ಕೋಣೆಯನ್ನು ತೆರೆಯುತ್ತಿದ್ದೆವು. ಕ್ರಮೇಣ ಅದೂ ನಿಂತಿತು. ಬೀಗದ ಕೈ ನಮ್ಮಲ್ಲಿಯೇ ಇತ್ತು. ಕೆಲವು ವರುಷಗಳ ಮೇಲೆ ತೆರೆದಾಗ ಒಂದೂ ಹತ್ತಲಿಲ್ಲ. ಅವುಗಳನ್ನು ಮುಟ್ಟಬೇಕೆಂದು ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳೂ ಶಾಲೆ ಬಿಟ್ಟುಹೋಗಿದ್ದರು. ಜೋಪಾನವೆಂದು ನಾವು ತಿಳಿದದ್ದು ಜೋಪಾನವಾಗಿರಲಿಲ್ಲ.

ಓಲೆಗರಿಗಳನ್ನು ಉಳಿಸಿದ ನಮ್ಮ ಹಿರಿಯರಿಗೆ ಈ ಮರ್ಮ ತಿಳಿದಿತ್ತು. ಅವರು ಗರಿಗಳಿಗೆ ಎಣ್ಣೆ ಸವರಿದರು, ಓದಿದರು, ಸವೆದಾಗ ಹೊಸ ಗರಿಗೆ ಪ್ರತಿಮಾಡಿದರು. ಕೈಯಿಂದ ಕೈಗೆ ಸಾಗಿದುದು ಉಳಿಯಿತು.

ಊರಿಗೆ ಬಂದ ಮರುವಾರವೇ ಅಟ್ಟದ ಮೇಲಿದ್ದ ಹಾರ್ಮೋನಿಯಮನ್ನು ಇಳಿಸಿ ಧೂಳು ಕೊಡವಿದೆವು. ಎರಡು ಮನೆಗಳು ನುಡಿಯಲಿಲ್ಲ, ಉಳಿದವು ನುಡಿದವು. ಅದನ್ನು ಮೊಮ್ಮಗಳ ಕೈಗೆ ಒಪ್ಪಿಸಿದ್ದೇವೆ. ಬೀಗ ಹಾಕಿಲ್ಲ.